ಹೋಗುವ ಹಕ್ಕಿಗಳ ಲೆಕ್ಕ

ಮಾರ್ಚ್ ಮೊದಲ ವಾರದ ನಸುಕು. ಗದಗ ಜಿಲ್ಲೆಯ ಮಾಗಡಿ ಕೆರೆಯ ಏರಿ ಹತ್ತಿ ನಿಂತವರಿಗೆ ಹಕ್ಕಿ ಕಾಣುವ ಮೊದಲೇ ಅದರ ದನಿ ಕೇಳುತ್ತದೆ. ಕಡಲೆ ಕಿತ್ತು ಬೋಳಾದ ಹೊಲಗಳ ಕಡೆಯಿಂದ ‘ಆಂಗ್, ಆಂಗ್’ ಎಂಬ ಮೂಗುದನಿಯೊಂದು ಬರುತ್ತದೆ. ಅದರ ಬೆನ್ನಿಗೇ ಇನ್ನೊಂದು, ಮತ್ತೊಂದು. ಬೆಳಕು ಹರಿದಂತೆ ಆಕಾಶದಲ್ಲಿ ಓರೆಗೆರೆಗಳು ಮೂಡುತ್ತವೆ. ರಾತ್ರಿ ಹೊಲದಲ್ಲಿ ಮೇಯ್ದ ಹೆಬ್ಬಾತುಗಳು ಹಗಲಿನ ವಿಶ್ರಾಂತಿಗೆ ನೀರಿಗೆ ಮರಳುವ ಹೊತ್ತು ಅದು. ಕೆರೆಯ ನೆತ್ತಿಗೆ ಬಂದಾಗ ಗೆರೆ ಒಡೆಯುತ್ತದೆ. ಒಂದೊಂದೇ ಹಕ್ಕಿ ಮಗ್ಗುಲಿಗೆ ವಾಲಿ, ಎತ್ತರ ಕಳೆದುಕೊಂಡು, ಕಾಲು ಮುಂದೆ ಚಾಚಿ ನೀರಿಗಿಳಿಯುತ್ತದೆ. ಬೂದು ಮೈ, ಬಿಳಿ ತಲೆ, ಹಿಂದಲೆಯಲ್ಲಿ ಎರಡು ಕಪ್ಪು ಪಟ್ಟಿ, ಹಳದಿ ಕೊಕ್ಕು. ಇದು ಪಟ್ಟೆತಲೆ ಹೆಬ್ಬಾತು.

ಮಳೆನೀರು ಹಿಡಿದಿಟ್ಟು ಹೊಲಕ್ಕೆ ಹಾಯಿಸಲು ಜನರೇ ಕಟ್ಟಿಕೊಂಡ ಕೆರೆ ಮಾಗಡಿಯದು. ವಿಸ್ತಾರ ಸುಮಾರು 50 ಹೆಕ್ಟೇರ್. ದಕ್ಷಿಣ ಭಾರತದಲ್ಲಿ ಈ ಹೆಬ್ಬಾತುಗಳು ಚಳಿಗಾಲ ಕಳೆಯುವ ದೊಡ್ಡ ನೆಲೆಗಳಲ್ಲಿ ಇದೂ ಒಂದು. 2024ರಲ್ಲಿ ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆಯ ಜೊತೆಗೆ ಇದಕ್ಕೂ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲವೆಂಬ ರಾಮ್ಸರ್ ತಾಣದ ಮಾನ್ಯತೆ ಸಿಕ್ಕಿತು.

ಬಂದದ್ದು ಗೊತ್ತು, ಹೋದದ್ದು?

ಹಕ್ಕಿಗಳು ಬಂದ ಸುದ್ದಿ ಎಲ್ಲರಿಗೂ ತಲುಪುತ್ತದೆ. ನವೆಂಬರ್‌ನಲ್ಲಿ ಮೊದಲ ಹಿಂಡು ಇಳಿದ ಕೂಡಲೇ ಪತ್ರಿಕೆಗಳಲ್ಲಿ ಚಿತ್ರ ಬರುತ್ತದೆ, ಶಾಲೆಯ ಮಕ್ಕಳು ಬಸ್ಸು ಮಾಡಿಕೊಂಡು ಬರುತ್ತಾರೆ. ಹೋದ ಸುದ್ದಿ ಯಾರಿಗೂ ಇರುವುದಿಲ್ಲ. ಮಾರ್ಚ್ ಕಳೆದು ಏಪ್ರಿಲ್ ಬಿಸಿಲೇರಿದಾಗ ಕೆರೆ ಬರಿದಾಗಿರುತ್ತದೆ. ‘ಯಾವಾಗ ಹೋದವು?’ ಎಂದು ಕೇಳಿದರೆ ‘ಮೊನ್ನೆ ಮೊನ್ನೆ ಇದ್ವಲ್ರೀ’ ಎನ್ನುತ್ತಾರೆ.

ಯುರೋಪಿನಲ್ಲಿ, ಉತ್ತರ ಅಮೆರಿಕದಲ್ಲಿ ವಸಂತವೆಂದರೆ ಹಕ್ಕಿಗಳು ಬರುವ ಕಾಲ. ಚಳಿಗಾಲವಿಡೀ ಮೌನವಾಗಿದ್ದ ಕಾಡು ಏಪ್ರಿಲ್, ಮೇ ತಿಂಗಳಲ್ಲಿ ಹಾಡಿನಿಂದ ತುಂಬುತ್ತದೆ, ಜನ ದುರ್ಬೀನು ಹಿಡಿದು ಹೊರಬೀಳುತ್ತಾರೆ. ನಮ್ಮಲ್ಲಿ ವಸಂತ ಬೀಳ್ಕೊಡುವ ಕಾಲ. ಅದೇ ಹಕ್ಕಿಗಳ ಅದೇ ಪಯಣದ ಹೊರಡುವ ತುದಿಯಲ್ಲಿ ನಾವಿದ್ದೇವೆ. ಈ ತುದಿಯ ದಾಖಲೆ ಇಲ್ಲದೆ ವಲಸೆಯ ಚಿತ್ರ ಪೂರ್ತಿಯಾಗದು. ಅದನ್ನು ಬರೆದಿಡಬಲ್ಲವರು ನಾವು ಮಾತ್ರ.

ಹೋಗುವುದನ್ನು ನೋಡುವುದು ಸುಲಭವಲ್ಲ ಎಂಬುದೂ ನಿಜ. ಮೊದಲ ಹಕ್ಕಿ ಕಂಡ ದಿನ ಅದು ಮೊದಲನೆಯದೆಂದು ಆಗಲೇ ತಿಳಿಯುತ್ತದೆ. ಕೊನೆಯ ಹಕ್ಕಿ ಕಂಡ ದಿನ ಅದು ಕೊನೆಯದೆಂದು ತಿಳಿಯಬೇಕಾದರೆ ಆಮೇಲೆಯೂ ಮತ್ತೆ ಮತ್ತೆ ಬಂದು, ಏನೂ ಕಾಣದೆ ಹಿಂದಿರುಗಬೇಕು.

ಇಬ್ಬರು, ಎರಡು ಲೆಕ್ಕ

ಹಾಗೆ ಬರುವವನೊಬ್ಬ ನನಗೆ ಗೆಳೆಯನಾಗಿರುವುದು ನನ್ನ ಭಾಗ್ಯ. ಅವನು ಅದೇ ಸೀಮೆಯವನು. ಪ್ರತಿ ಭಾನುವಾರ ಕೆರೆ ಸುತ್ತುವುದು ಅವನ ರೂಢಿ. ಈ ಸಲ ಜೊತೆಗೆ ಬಾ ಎಂದು ಕರೆದಿದ್ದ. ಹಕ್ಕಿ ನೋಡಲು ಒಬ್ಬನೇ ಹೋಗಬಹುದು, ಎಣಿಸಲು ಇಬ್ಬರಿದ್ದರೆ ಒಳ್ಳೆಯದು ಎಂಬುದು ಅವನ ವಾದ.

ನೀರಿನ ಮೇಲೆ ಒತ್ತಾಗಿ ಕೂತ ಹಿಂಡನ್ನು ಒಂದೊಂದಾಗಿ ಎಣಿಸಲಾಗದು. ಮೊದಲು ಹತ್ತು ಹಕ್ಕಿಗಳನ್ನು ಸರಿಯಾಗಿ ಎಣಿಸಿ ಅಷ್ಟು ಹಕ್ಕಿ ಎಷ್ಟು ಜಾಗ ಹಿಡಿಯುತ್ತವೆಂದು ಕಣ್ಣಿಗೆ ರೂಢಿ ಮಾಡಿಸಬೇಕು. ಅದರಿಂದ ನೂರರ ತುಂಡು, ನೂರರಿಂದ ಇಡೀ ಹಿಂಡು. ನಾವು ಏರಿಯ ಎರಡು ತುದಿಯಲ್ಲಿ ಕೂತು ಬೇರೆ ಬೇರೆಯಾಗಿ ಎಣಿಸಿ, ಚೀಟಿಯಲ್ಲಿ ಬರೆದುಕೊಂಡು, ಆಮೇಲೆ ತಾಳೆ ನೋಡಿದೆವು. ಅಂತರ ಹೆಚ್ಚಿದ್ದರೆ ಮತ್ತೆ ಎಣಿಕೆ. ಚಳಿಗಾಲದ ನಡುವೆ ಬರೆದಿಟ್ಟ ಸಂಖ್ಯೆಯ ಮುಂದೆ ಅಂದಿನ ಸಂಖ್ಯೆ ತೀರಾ ಕಡಿಮೆ ಇತ್ತು.

‘ಹೊಂಟಾವ ನೋಡು. ಒಮ್ಮೆಲೆ ಹೋಗಂಗಿಲ್ಲ ಇವು. ಒಂದ್ ಮನೀ ಮಂದಿ ಎದ್ರ, ಆಮ್ಯಾಲೆ ಇನ್ನೊಂದ್ ಮನಿ’ ಎಂದ ಗೆಳೆಯ. ಅವನ ಮಾತು ಪಕ್ಷಿಶಾಸ್ತ್ರಕ್ಕೂ ಒಪ್ಪುತ್ತದೆ. ಹೆಬ್ಬಾತುಗಳಲ್ಲಿ ತಂದೆ, ತಾಯಿ, ಹಿಂದಿನ ಬೇಸಿಗೆಯ ಮರಿಗಳು ಚಳಿಗಾಲವಿಡೀ ಒಟ್ಟಿಗೇ ಇರುತ್ತವೆ. ದೊಡ್ಡ ಹಿಂಡಿನೊಳಗೂ ಸಂಸಾರಗಳು ಬೇರೆಬೇರೆಯಾಗಿ ಉಳಿದಿರುತ್ತವೆ.

ಹೊರಡುವ ಹೊತ್ತು ತಿಳಿಯುವ ಬಗೆ

ಗದಗದ ಕೆರೆಯಲ್ಲಿ ಕೂತ ಹಕ್ಕಿಗೆ ತಾನು ಗೂಡು ಕಟ್ಟುವ ಮಂಗೋಲಿಯಾದಲ್ಲಿ ಹಿಮ ಕರಗುವ ಕಾಲ ಹತ್ತಿರವಾಯಿತೆಂದು ಹೇಗೆ ತಿಳಿಯುತ್ತದೆ? ಉತ್ತರದ ಮೊದಲ ಭಾಗ ಸಿಕ್ಕಿದ್ದು 1920ರ ದಶಕದಲ್ಲಿ, ಕೆನಡಾದ ಕೊರೆಯುವ ಚಳಿಯಲ್ಲಿ. ವಿಲಿಯಂ ರೋವನ್ ಎಂಬ ವಿಜ್ಞಾನಿ ಜಂಕೊ ಎಂಬ ಪುಟ್ಟ ಹಕ್ಕಿಗಳನ್ನು ಪಂಜರದಲ್ಲಿಟ್ಟು, ನಡುಚಳಿಗಾಲದಲ್ಲಿ ವಿದ್ಯುತ್ ದೀಪದಿಂದ ಅವುಗಳ ಹಗಲನ್ನು ದಿನದಿನಕ್ಕೆ ಹಿಗ್ಗಿಸುತ್ತ ಹೋದರು. ಹೊರಗೆ ಹಿಮ ಬೀಳುತ್ತಿದ್ದರೂ ಹಕ್ಕಿಗಳ ಒಳಗೆ ವಸಂತ ಬಂತು. ಸಂತಾನದ ಅಂಗಗಳು ಬೆಳೆದವು. ಹಕ್ಕಿಯ ಕ್ಯಾಲೆಂಡರ್ ಹಗಲಿನ ಉದ್ದ. ಈ ಬೆಳಕನ್ನು ಅದು ಕಣ್ಣಿನಿಂದಷ್ಟೇ ಅಲ್ಲ, ತಲೆಬುರುಡೆ ದಾಟಿ ಮಿದುಳಿನ ಒಳಗಿನ ಕೋಶಗಳಿಂದಲೂ ಅರಿಯುತ್ತದೆ.

ನಮ್ಮಲ್ಲಿ ಹಗಲಿನ ಏರಿಳಿತ ಬಹಳ ಕಡಿಮೆ. ಗದಗದಲ್ಲಿ ಡಿಸೆಂಬರ್ ಕೊನೆಯ ಹಗಲಿಗೂ ಮಾರ್ಚ್ ಕೊನೆಯ ಹಗಲಿಗೂ ಸುಮಾರು ಒಂದು ಗಂಟೆಯ ವ್ಯತ್ಯಾಸವಷ್ಟೇ. ಮಂಗೋಲಿಯಾದಲ್ಲಿ ಅದೇ ಅವಧಿಯ ವ್ಯತ್ಯಾಸ ಮೂರೂವರೆ ಗಂಟೆಗೂ ಹೆಚ್ಚು. ಗದಗದ ಇಷ್ಟು ಸಣ್ಣ ಸುಳಿವೊಂದೇ ಸಾಲದು. ಹಕ್ಕಿಯ ಮೈಯೊಳಗೇ ವರ್ಷದ ಗಡಿಯಾರವೊಂದು ನಡೆಯುತ್ತಿರುತ್ತದೆ. ಜರ್ಮನಿಯ ವಿಜ್ಞಾನಿ ಎಬರ್‌ಹಾರ್ಡ್ ಗ್ವಿನ್ನರ್ ಉಲಿಯಕ್ಕಿ ಎಂಬ ಪುಟ್ಟ ವಲಸೆ ಹಕ್ಕಿಗಳನ್ನು ಹಗಲಿನ ಉದ್ದ ಬದಲಾಗದ ಕೋಣೆಯಲ್ಲಿ ವರ್ಷಗಟ್ಟಲೆ ಸಾಕಿ ನೋಡಿದರು. ಹೊರಗಿನ ಸುಳಿವು ಏನೂ ಇಲ್ಲದಿದ್ದರೂ ಅವು ಸರಿಸುಮಾರು ವರ್ಷಕ್ಕೊಮ್ಮೆ ಗರಿ ಬದಲಿಸಿದವು, ವಲಸೆಯ ಕಾಲದ ರಾತ್ರಿಗಳಲ್ಲಿ ನಿದ್ದೆಯಿಲ್ಲದೆ ಚಡಪಡಿಸಿದವು. ಒಳಗಡಿಯಾರ ನಡೆಯುತ್ತಿರುತ್ತದೆ, ಹಗಲು ಅದನ್ನು ಆಗಾಗ ಸರಿಪಡಿಸುತ್ತದೆ.

ಬಣ್ಣ ಮತ್ತು ಬುತ್ತಿ

ಬಿಸಿಲು ಏರುತ್ತಿದ್ದಂತೆ ಗೆಳೆಯ ನೀರಿನಂಚಿನ ಕೆಸರಿನ ಕಡೆ ಕೈ ತೋರಿಸಿದ. ಅಲ್ಲಿ ಹಳದಿ ಸಿಪಿಲೆಗಳು ಬಾಲ ಕುಣಿಸುತ್ತ ಓಡಾಡುತ್ತಿದ್ದವು. ಡಿಸೆಂಬರ್‌ನಲ್ಲಿ ಮಾಸಲಾಗಿ, ಒಂದನ್ನೊಂದು ಹೋಲುವ ಈ ಹಕ್ಕಿಗಳ ಹೊಟ್ಟೆ ಈಗ ಸಾಸಿವೆ ಹೂವಿನ ಹಳದಿ. ಗಂಡುಗಳ ತಲೆ ಬೂದು ಇಲ್ಲವೇ ಕಪ್ಪಿಗೆ ತಿರುಗುತ್ತಿತ್ತು. ಆಚೆಗೆ ಮೊಣಕಾಲ ನೀರಲ್ಲಿ ನಿಂತು ಉದ್ದ ಕೊಕ್ಕು ಇಳಿಬಿಟ್ಟು ಕೆಸರು ಕೆದಕುತ್ತಿದ್ದ ಕಪ್ಪುಬಾಲದ ಗೊರವಗಳ ಕೊರಳಲ್ಲಿ ಇಟ್ಟಿಗೆ ಕೆಂಪು ಹರಡುತ್ತಿತ್ತು. ಉತ್ತರಕ್ಕೆ ಹೋಗಿ ಸಂಗಾತಿ ಹುಡುಕಬೇಕಾದವು ಇಲ್ಲಿಂದಲೇ ಬಣ್ಣ ತೊಟ್ಟು ಹೊರಡುತ್ತವೆ. ಚಳಿಗಾಲದಲ್ಲಷ್ಟೇ ಕೆರೆಗೆ ಹೋಗಿ ಬಂದವರು ಈ ಬಣ್ಣಗಳನ್ನು ನೋಡಿರುವುದಿಲ್ಲ. ಪುಸ್ತಕದ ಚಿತ್ರದಲ್ಲಿರುವ ಕೆಂಪು ಗೊರವ ನಮ್ಮೂರಿನದಲ್ಲವೆಂದೇ ಅಂದುಕೊಂಡಿರುತ್ತಾರೆ. ಮಾರ್ಚ್‌ನಲ್ಲಿ ಕೆರೆಗೆ ಹೋಗಿ ಎಂದು ನಾನು ಒತ್ತಿ ಹೇಳಲು ಇದೂ ಒಂದು ಕಾರಣ.

ಬಣ್ಣದ ಜೊತೆಗೆ ಬುತ್ತಿಯ ತಯಾರಿಯೂ ನಡೆದಿರುತ್ತದೆ. ಹಕ್ಕಿಯ ಬುತ್ತಿ ಕೊಬ್ಬು. ಹೊರಡುವ ಮುಂಚಿನ ವಾರಗಳಲ್ಲಿ ಹಸಿವು ಮಿತಿಮೀರುತ್ತದೆ, ತಿಂದದ್ದು ಚರ್ಮದಡಿ ಕೊಬ್ಬಾಗಿ ಕೂಡುತ್ತದೆ. ದೂರ ಹೋಗುವ ಕೆಲವು ಸಣ್ಣ ಹಕ್ಕಿಗಳ ತೂಕ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಈ ವಾರಗಳಲ್ಲಿ ಮೇವು ತಪ್ಪಿದರೆ, ಇಲ್ಲವೇ ಯಾರಾದರೂ ಮತ್ತೆ ಮತ್ತೆ ಎಬ್ಬಿಸಿ ಹಾರಿಸಿದರೆ ಆ ನಷ್ಟ ದಾರಿಯಲ್ಲಿ ಕಾಣಿಸಿಕೊಳ್ಳುತ್ತದೆ. ಫೋಟೊ ಚೆನ್ನಾಗಿ ಬರಲೆಂದು ಹಿಂಡಿನ ಮೇಲೆ ಕಲ್ಲು ಬೀರುವುದನ್ನು, ಡ್ರೋನ್ ಬಿಡುವುದನ್ನು ಯಾವ ಕೆರೆಯಲ್ಲೂ ಸಹಿಸಬಾರದು.

ಹಿಮಾಲಯ ದಾಟುವ ಪರಿ

ಪಟ್ಟೆತಲೆ ಹೆಬ್ಬಾತುಗಳು ಗೂಡು ಕಟ್ಟುವುದು ಟಿಬೆಟ್ ಪ್ರಸ್ಥಭೂಮಿ, ಕಿರ್ಗಿಸ್ತಾನ್, ಮಂಗೋಲಿಯಾದ ಸರೋವರಗಳ ಬಳಿ. ಮಂಗೋಲಿಯಾದಲ್ಲಿ ವಿಜ್ಞಾನಿಗಳು ಕೊರಳಪಟ್ಟಿ ತೊಡಿಸಿದ ಹಕ್ಕಿಗಳು ಮೈಸೂರು ಜಿಲ್ಲೆಯ ಹದಿನಾರು ಕೆರೆಯಲ್ಲಿ ಕಾಣಿಸಿವೆ. ಗದಗದಿಂದ ಮಂಗೋಲಿಯಾದ ನಡುಭಾಗಕ್ಕೆ ನೇರ ಗೆರೆ ಎಳೆದರೂ 4000 ಕಿಲೊಮೀಟರ್ ಮೀರುತ್ತದೆ. ಆ ಗೆರೆಯ ನಡುವೆ ಹಿಮಾಲಯವಿದೆ.

ಈ ಹಕ್ಕಿ ಎವರೆಸ್ಟ್ ಶಿಖರದ ಮೇಲಿನಿಂದ ಹಾರುತ್ತದೆ ಎಂಬ ಮಾತು ಬಹಳ ಕಾಲದಿಂದ ಇದೆ. ಬೆನ್ನಿಗೆ ಉಪಗ್ರಹ ಟ್ರಾನ್ಸ್‌ಮಿಟರ್ ಕಟ್ಟಿ ಹಿಂಬಾಲಿಸಿದಾಗ ಕಂಡದ್ದು ಬೇರೆ. ವಿಜ್ಞಾನಿ ಲೂಸಿ ಹಾಕ್ಸ್ ಮತ್ತು ಸಂಗಡಿಗರ ಅಧ್ಯಯನದಲ್ಲಿ ದಾಖಲಾದ ಅತಿ ಎತ್ತರ 7290 ಮೀಟರ್. ಬಹುಪಾಲು ಹಾರಾಟ ಅದಕ್ಕಿಂತ ಎಷ್ಟೋ ಕೆಳಗೆ, ಕಣಿವೆ ಮತ್ತು ಘಾಟಿಗಳ ಗುಂಟ. ಶಿಖರ ದಾಟಬೇಕಾದ ಅಗತ್ಯವೇ ಅವಕ್ಕಿಲ್ಲ. 2015ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಹಕ್ಕಿಯ ಎದೆಬಡಿತವನ್ನೂ ಅಳೆಯಿತು. ಮೇಲೇರಿದಷ್ಟೂ ಗಾಳಿ ತೆಳುವಾಗಿ ರೆಕ್ಕೆಗೆ ಆನಿಕೆ ಸಿಗದು, ಹೃದಯದ ಶ್ರಮ ಏರುತ್ತದೆ. ಹಾಗಾಗಿ ಹೆಬ್ಬಾತುಗಳು ಒಮ್ಮೆ ಗಳಿಸಿದ ಎತ್ತರವನ್ನು ಹಿಡಿದುಕೊಂಡಿರುವುದಿಲ್ಲ. ನೆಲ ಇಳಿದಲ್ಲಿ ತಾವೂ ಇಳಿದು, ನೆಲ ಏರಿದಲ್ಲಿ ತಾವೂ ಏರಿ ಸಾಗುತ್ತವೆ.

ಇದರಿಂದ ಅವುಗಳ ಸಾಹಸ ಕಿರಿದಾಗುವುದಿಲ್ಲ. 5500 ಮೀಟರ್ ಎತ್ತರದಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಅರ್ಧದಷ್ಟು. ಅಲ್ಲಿ ಮನುಷ್ಯ ಮೆಲ್ಲಗೆ ನಡೆಯಲೂ ಏದುಸಿರು ಬಿಡುತ್ತಾನೆ. ಹೆಬ್ಬಾತು ಅಲ್ಲಿ ರೆಕ್ಕೆ ಬಡಿಯುತ್ತದೆ, ತೇಲುವುದಿಲ್ಲ. ಇದರ ರಕ್ತದ ಹಿಮೋಗ್ಲೋಬಿನ್ ಬೇರೆ ಹೆಬ್ಬಾತುಗಳಿಗಿಂತ ಗಟ್ಟಿಯಾಗಿ ಆಮ್ಲಜನಕವನ್ನು ಹಿಡಿಯುತ್ತದೆ. ಶ್ವಾಸಕೋಶ ದೊಡ್ಡದು, ಹಾರಾಟದ ಸ್ನಾಯುಗಳಲ್ಲಿ ನವಿರು ರಕ್ತನಾಳಗಳ ಜಾಲ ದಟ್ಟ. ಬೆನ್ನಿಗೆ ಬೀಸುವ ಹಗಲಿನ ಗಾಳಿಯ ನೆರವನ್ನು ಇವು ಕಾಯುವುದಿಲ್ಲ. ಗಾಳಿ ತಣ್ಣಗೆ, ದಟ್ಟವಾಗಿ, ಅಲುಗಾಟವಿಲ್ಲದೆ ಇರುವ ರಾತ್ರಿ ಮತ್ತು ನಸುಕನ್ನೇ ಆರಿಸಿಕೊಳ್ಳುತ್ತವೆ. ತಪ್ಪಲಿನಿಂದ ಏರಲು ತೊಡಗಿದರೆ ಹಿಮಾಲಯದ ಆ ಬದಿ ತಲುಪಲು ಏಳೆಂಟು ಗಂಟೆ ಸಾಕು.

ಮುತ್ತುಗದ ಮರದಡಿ

ನಡುಹಗಲಿಗೆ ಕೆರೆಯಲ್ಲಿ ಎಲ್ಲ ನಿದ್ದೆ. ನಾವು ಹೊಲದ ಬದುವಿನ ಮುತ್ತುಗದ ನೆರಳಿಗೆ ಬಂದು ಬುತ್ತಿ ಬಿಚ್ಚಿದೆವು. ಗೆಳೆಯನ ಮನೆಯ ಸಜ್ಜೆರೊಟ್ಟಿ, ಶೇಂಗಾ ಚಟ್ನಿ. ಎಲೆ ಉದುರಿಸಿ ಮೈತುಂಬ ಕೆಂಡ ಹೊತ್ತ ಆ ಮರ ಒಮ್ಮೆಲೇ ಗದ್ದಲಕ್ಕೆ ಬಿತ್ತು. ಗುಲಾಬಿ ಕಬ್ಬಕ್ಕಿಗಳ ಹಿಂಡೊಂದು ಬಂದಿಳಿದಿತ್ತು. ಕಪ್ಪು ತಲೆ, ಕಪ್ಪು ರೆಕ್ಕೆ, ನಡುವೆ ಗುಲಾಬಿ ಮೈ. ಹೂವಿನೊಳಗೆ ಕೊಕ್ಕಿಳಿಸಿ ಮಕರಂದ ಹೀರುತ್ತ ಒಂದನ್ನೊಂದು ಬೈಯುತ್ತ ಜಗಳಾಡಿದವು.

ಉತ್ತರ ಕರ್ನಾಟಕದ ರೈತರಿಗೆ ಇವು ಜೋಳದ ತೆನೆಗೆ ಮುತ್ತುವ ಹಕ್ಕಿಗಳಾಗಿ ಪರಿಚಿತ. ಕವಣೆ ಬೀಸಿ, ಡಬ್ಬ ಬಡಿದು ಓಡಿಸುತ್ತಾರೆ. ಮಧ್ಯ ಏಷ್ಯಾದಲ್ಲಿ ಇದೇ ಹಕ್ಕಿಗೆ ರಾಜಮರ್ಯಾದೆ. ಅಲ್ಲಿನ ಹುಲ್ಲುಗಾವಲಿನಲ್ಲಿ ಅದು ಮರಿ ಸಾಕುವುದು ಮಿಡತೆ ತಿನ್ನಿಸಿ. ಚೀನಾದ ಶಿನ್‌ಜಿಯಾಂಗ್‌ನಲ್ಲಿ ಮಿಡತೆ ಹಾವಳಿ ತಡೆಯಲೆಂದೇ ಇವುಗಳಿಗೆ ಗೂಡಿನ ತಾಣಗಳನ್ನು ಕಟ್ಟಿಕೊಟ್ಟಿದ್ದಾರೆ. ಒಂದೇ ಹಕ್ಕಿ, ಎರಡು ನಾಡು, ಎರಡು ಹೆಸರು. ಇವು ಜುಲೈ, ಆಗಸ್ಟ್‌ನಲ್ಲೇ ಭಾರತಕ್ಕೆ ಮರಳಿ ಏಪ್ರಿಲ್‌ವರೆಗೆ ಉಳಿಯುತ್ತವೆ. ವರ್ಷದ ಹೆಚ್ಚಿನ ತಿಂಗಳು ಇಲ್ಲೇ ಇದ್ದು, ಮರಿ ಮಾಡುವುದಕ್ಕಷ್ಟೇ ಅಲ್ಲಿಗೆ ಹೋಗಿಬರುತ್ತವೆ ಎಂದರೂ ಸರಿಯೇ.

ಹೊರಡುವ ಮುನ್ನ ಇವುಗಳಿಗೆ ಬೇಕಾದ ಸಿಹಿ ಮುತ್ತುಗ, ಬೂರುಗದ ಹೂಗಳಲ್ಲಿದೆ, ಆಲ ಅರಳಿಯ ಹಣ್ಣುಗಳಲ್ಲಿದೆ. ರಸ್ತೆ ಅಗಲ ಮಾಡಲು ಸಾಲುಮರ ಕಡಿದಾಗ ನಾವು ನೆರಳಿನ ಲೆಕ್ಕವನ್ನಷ್ಟೇ ಹಾಕುತ್ತೇವೆ.

ಒಂಟಿಯಾಗಿ, ಇರುಳಲ್ಲಿ

ರೊಟ್ಟಿ ಮುಗಿಸುವಾಗ ಬಳ್ಳಾರಿಜಾಲಿಯ ಪೊದೆಯೊಳಗಿಂದ ‘ಟಕ್, ಟಕ್’ ಎಂಬ ಸದ್ದು ಬಂತು. ಬ್ಲೈತನ ಜೊಂಡು ಉಲಿಯಕ್ಕಿ. ಬೆರಳುದ್ದದ ಮಂಕು ಕಂದು ಹಕ್ಕಿ, ತೂಕ ಹತ್ತು ಹನ್ನೆರಡು ಗ್ರಾಂ. ಕಂಡದ್ದು ಅರೆಗಳಿಗೆ. ಫಿನ್‌ಲೆಂಡ್‌ನಿಂದ ಸೈಬೀರಿಯಾದವರೆಗಿನ ಪೊದೆಗಳಲ್ಲಿ ಗೂಡು ಕಟ್ಟುವ ಈ ಜಾತಿಯ ಹೆಚ್ಚುಕಡಿಮೆ ಎಲ್ಲ ಹಕ್ಕಿಗಳೂ ಚಳಿಗಾಲಕ್ಕೆ ಭಾರತ ಉಪಖಂಡಕ್ಕೇ ಬರುತ್ತವೆ. ಫಿನ್‌ಲೆಂಡಿನವರು ಜೂನ್ ಇರುಳಲ್ಲಿ ಕೂತು ಇದರ ಹಾಡು ಕೇಳುತ್ತಾರೆ. ನಮಗೆ ಕೇಳುವುದು ಬಹುತೇಕ ಈ ‘ಟಕ್’ ಮಾತ್ರ.

ಹೆಬ್ಬಾತಿನ ಮರಿಗೆ ದಾರಿ ತೋರಲು ತಂದೆತಾಯಿ ಇದ್ದಾರೆ. ಉಲಿಯಕ್ಕಿಗೆ ಯಾರೂ ಇಲ್ಲ. ಕಳೆದ ಬೇಸಿಗೆಯಲ್ಲಿ ಹುಟ್ಟಿದ ಮರಿ ಯಾರ ನೆರವೂ ಇಲ್ಲದೆ ರಾತ್ರಿ ಹಾರಿ ಇಲ್ಲಿಗೆ ಬಂದಿದೆ, ಹಾಗೆಯೇ ಹಿಂದಿರುಗಬೇಕು. ಎತ್ತ ಹಾರಬೇಕೆಂಬ ದಿಕ್ಕು ಹುಟ್ಟಿನಿಂದಲೇ ಬರುತ್ತದೆಂದು ತೋರಿಸಿದ್ದು ನೆದರ್ಲೆಂಡಿನ ವಿಜ್ಞಾನಿ ಪರ್ಡೆಕ್. 1950ರ ದಶಕದಲ್ಲಿ ಅವರು ವಲಸೆ ಹೊರಟಿದ್ದ ಸಾವಿರಾರು ಸ್ಟಾರ್ಲಿಂಗ್ ಹಕ್ಕಿಗಳನ್ನು ಹೇಗ್ ನಗರದ ಬಳಿ ಹಿಡಿಸಿ, ಕಾಲಿಗೆ ಉಂಗುರ ತೊಡಿಸಿ ಸ್ವಿಟ್ಜರ್ಲೆಂಡಿಗೆ ಒಯ್ದು ಬಿಡಿಸಿದರು. ಮೊದಲು ಹೋಗಿಬಂದು ಅನುಭವವಿದ್ದ ಹಿರಿಯ ಹಕ್ಕಿಗಳು ದಿಕ್ಕು ತಿದ್ದಿಕೊಂಡು ತಮ್ಮ ಹಳೆಯ ಚಳಿಗಾಲದ ಸೀಮೆಯತ್ತ ಹೋದವು. ಮೊದಲ ಪಯಣದ ಮರಿಗಳು ಹುಟ್ಟಿನಿಂದ ಬಂದ ದಿಕ್ಕಿನಲ್ಲೇ ಹಾರಿ ಫ್ರಾನ್ಸ್, ಸ್ಪೇನ್ ಕಡೆ ಇಳಿದವು.

ದಿಕ್ಕು ಹಿಡಿಯಲು ಸೂರ್ಯ, ನಕ್ಷತ್ರ, ಭೂಮಿಯ ಕಾಂತಕ್ಷೇತ್ರ ಮೂರೂ ಒದಗುತ್ತವೆ. 1960ರ ದಶಕದಲ್ಲಿ ಅಮೆರಿಕದ ಸ್ಟೀಫನ್ ಎಮ್ಲೆನ್ ಹಕ್ಕಿಗಳನ್ನು ತಾರಾಲಯದೊಳಗೆ ಇಟ್ಟು ಪರೀಕ್ಷಿಸಿದರು. ಇರುಳಾಕಾಶ ಯಾವ ಬಿಂದುವಿನ ಸುತ್ತ ತಿರುಗುತ್ತದೆಂದು ಮರಿಗಳು ನೋಡಿ ಕಲಿಯುತ್ತವೆ, ಆ ಬಿಂದುವೇ ಅವುಗಳಿಗೆ ಉತ್ತರ ಎಂದು ಅವರಿಗೆ ತಿಳಿದುಬಂತು. ಕಾಂತಕ್ಷೇತ್ರವನ್ನು ಹಕ್ಕಿ ಅರಿಯುವುದು ಕಣ್ಣಿನ ಕ್ರಿಪ್ಟೊಕ್ರೋಮ್ ಎಂಬ ಪ್ರೋಟೀನಿನಿಂದ ಇರಬೇಕು ಎಂಬುದು ಈಗಿನ ಬಲವಾದ ತರ್ಕ. ಇರುಳು ಹಾರುವವಕ್ಕೆ ಊರಿನ ದೀಪಗಳೇ ದೊಡ್ಡ ತೊಡಕು. ಪ್ರಖರ ಬೆಳಕಿಗೆ ಸೆಳೆಯಲ್ಪಟ್ಟು, ಕಟ್ಟಡದ ಗಾಜಿಗೆ ಬಡಿದು ಸಾಯುವ ವಲಸೆ ಹಕ್ಕಿಗಳು ಜಗತ್ತಿನ ಎಷ್ಟೋ ನಗರಗಳಲ್ಲಿವೆ.

ದಿನ ತಪ್ಪಿದರೆ

ಒಂದು ವಾರ ಆಚೀಚೆಯಾದರೆ ಏನಾಗುತ್ತದೆ? ನೆದರ್ಲೆಂಡಿನ ಪೈಡ್ ಫ್ಲೈಕ್ಯಾಚರ್ ಎಂಬ ನೊಣಹಿಡುಕ ಇದಕ್ಕೆ ಉತ್ತರ. ಅದು ಚಳಿಗಾಲ ಕಳೆಯುವುದು ಪಶ್ಚಿಮ ಆಫ್ರಿಕದಲ್ಲಿ, ಹೊರಡುವುದು ಹಗಲಿನ ಉದ್ದವನ್ನು ನಂಬಿ. ಭೂಮಿ ಬಿಸಿಯಾದಂತೆ ನೆದರ್ಲೆಂಡಿನ ಓಕ್ ಮರಗಳಲ್ಲಿ ಕಂಬಳಿಹುಳುಗಳು ಮೊದಲಿಗಿಂತ ಬೇಗ ಹೆಚ್ಚಿ ಬೇಗ ಮುಗಿಯತೊಡಗಿದವು. ಹಕ್ಕಿ ತನ್ನ ಹಳೆಯ ವೇಳೆಗೇ ಬಂದು ಮರಿ ಮಾಡಿದಾಗ ಉಣಿಸಲು ಹುಳುವಿಲ್ಲ. ಹುಳುಗಳ ಕಾಲ ಬಹಳ ಬೇಗ ಬರುವ ಕಾಡುಗಳಲ್ಲಿ ಆ ಹಕ್ಕಿಗಳ ಸಂಖ್ಯೆ ಶೇ 90ರಷ್ಟು ಕುಸಿದದ್ದನ್ನು 2006ರಲ್ಲಿ ಕ್ರಿಸ್ಟಿಯಾನ್ ಬೋತ್ ಮತ್ತು ಸಂಗಡಿಗರು ಪ್ರಕಟಿಸಿದರು. ಈ ತೀರ್ಮಾನಕ್ಕೆ ಬರಲು ಅವರ ಬಳಿ ವರ್ಷಗಟ್ಟಲೆಯ ತಾರೀಖುಗಳಿದ್ದವು.

ನಮ್ಮಲ್ಲಿ ಅಂಥ ಪಟ್ಟಿ ಬೆಳೆದದ್ದು ತಡವಾಗಿ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ 2007ರಲ್ಲಿ ‘ಮೈಗ್ರೆಂಟ್‌ವಾಚ್’ ಶುರುವಾಯಿತು. ವಲಸೆ ಹಕ್ಕಿಯನ್ನು ಮೊದಲು ಕಂಡ ದಿನ, ಕೊನೆಗೆ ಕಂಡ ದಿನ ಎರಡನ್ನೂ ಕಳಿಸಿಕೊಡಿ ಎಂದು ಅದು ಸಾಮಾನ್ಯ ಜನರನ್ನು ಕೇಳಿತು. ಈಗ ಆ ಕೆಲಸ ‘ಇ-ಬರ್ಡ್’ ಎಂಬ ಜಾಲತಾಣದ ಮೂಲಕ ನಡೆಯುತ್ತಿದೆ. ಇಂಥ ಜನಸಾಮಾನ್ಯರ ದಾಖಲೆಗಳಿಂದಲೇ ಸಿದ್ಧವಾದ 2023ರ ‘ಭಾರತದ ಹಕ್ಕಿಗಳ ಸ್ಥಿತಿಗತಿ’ ವರದಿ 942 ಜಾತಿಗಳನ್ನು ಪರಿಶೀಲಿಸಿತು. ಬಹುದೂರದಿಂದ ಬರುವ ವಲಸೆ ಹಕ್ಕಿಗಳ ಇಳಿಕೆಯನ್ನು ಅದು ಗಂಭೀರವೆಂದು ಎತ್ತಿ ಹೇಳಿದೆ.

ಹೆಬ್ಬಾತುಗಳ ಮಟ್ಟಿಗೆ ಬೇರೊಂದು ಭಯವೂ ಇದೆ. 2005ರಲ್ಲಿ ಚೀನಾದ ಚಿಂಗ್‌ಹಾಯ್ ಸರೋವರದಲ್ಲಿ ಹಕ್ಕಿಜ್ವರ ಬಂದು ಸಾವಿರಾರು ವಲಸೆ ಹಕ್ಕಿಗಳು ಸತ್ತವು. ಅವುಗಳಲ್ಲಿ ಪಟ್ಟೆತಲೆ ಹೆಬ್ಬಾತುಗಳೇ ಹೆಚ್ಚು. 2021ರ ಆರಂಭದಲ್ಲಿ ಹಿಮಾಚಲದ ಪೊಂಗ್ ಜಲಾಶಯದಲ್ಲೂ ಇದೇ ಆಯಿತು. ಸಾಯುವ ಮೊದಲು ಎಷ್ಟಿದ್ದವೆಂಬ ಲೆಕ್ಕವಿದ್ದಾಗ ಮಾತ್ರ ಉಳಿದವೆಷ್ಟು, ಚೇತರಿಸಿಕೊಂಡವೆಷ್ಟು ಎಂದು ಹೇಳಬಹುದು.

ಮಾಗಡಿಯಂಥ ಕೆರೆಯ ಉಳಿವು ಮಳೆಯ ಮೇಲೂ ಜನರ ಮನಸ್ಸಿನ ಮೇಲೂ ನಿಂತಿದೆ. ಮಳೆ ಕೈಕೊಟ್ಟ ವರ್ಷ ನೀರಿಲ್ಲ, ನೀರಿಲ್ಲದಿದ್ದರೆ ಹಕ್ಕಿಯಿಲ್ಲ. ರಾತ್ರಿ ಹೊಲ ಮೇಯುವ ಹಿಂಡನ್ನು ಸಹಿಸುವುದು ರೈತನಿಗೆ ಪುಕ್ಕಟೆಯ ಮಾತಲ್ಲ. ರಾಮ್ಸರ್ ಫಲಕ ನೆಟ್ಟರೆ ಸಾಲದು. ಬೆಳೆ ಹೋದವನಿಗೆ ಪರಿಹಾರ ತಡವಿಲ್ಲದೆ ಸಿಗಬೇಕು, ಕೆರೆಯ ಹೂಳು ತೆಗೆಯುವಾಗ ಹಕ್ಕಿಗಳ ತಿಂಗಳನ್ನು ಬಿಟ್ಟು ತೆಗೆಯಬೇಕು.

ನೀವು ಬರೆಯಬಹುದಾದ್ದು

ಇದಕ್ಕೆ ಮಾಗಡಿಗೇ ಬರಬೇಕೆಂದಿಲ್ಲ. ಮನೆಯ ಹತ್ತಿರದ ಕೆರೆ, ಪಾರ್ಕು, ಕಾಲೇಜಿನ ಹಿತ್ತಲು ಸಾಕು. ಬೂದು ಸಿಪಿಲೆ, ಹಸಿರು ಉಲಿಯಕ್ಕಿ, ಗುಲಾಬಿ ಕಬ್ಬಕ್ಕಿ, ತಂತಿಯ ಮೇಲೆ ಸಾಲಾಗಿ ಕೂರುವ ಅಂಬರಗುಬ್ಬಿ, ಇವುಗಳಲ್ಲಿ ಒಂದೆರಡನ್ನು ಆರಿಸಿಕೊಳ್ಳಿ. ಸಿಪಿಲೆಗಳಲ್ಲಿ ಕಪ್ಪು ಬಿಳುಪಿನ ದೊಡ್ಡದೊಂದು ನಮ್ಮಲ್ಲೇ ವರ್ಷವಿಡೀ ಇರುತ್ತದೆ. ಅದಕ್ಕೆ ದಪ್ಪ ಬಿಳಿ ಹುಬ್ಬು, ಅದನ್ನು ಈ ಲೆಕ್ಕದಿಂದ ಬಿಡಿ. ತೇಜಸ್ವಿಯವರ ‘ಹಕ್ಕಿ ಪುಕ್ಕ’ ಕೈಯಲ್ಲಿದ್ದರೆ ಗುರುತು ಹಿಡಿಯಲು ಒಳ್ಳೆಯ ಜೊತೆ.

ಈಗಿನಿಂದ ಏಪ್ರಿಲ್ ಕೊನೆಯವರೆಗೆ ವಾರಕ್ಕೊಮ್ಮೆ, ಅದೇ ಜಾಗದಲ್ಲಿ, ಸರಿಸುಮಾರು ಅದೇ ಹೊತ್ತಿಗೆ ಅರ್ಧ ಗಂಟೆ ನೋಡಿ. ಕಂಡದ್ದನ್ನೆಲ್ಲ ತಾರೀಖಿನ ಸಮೇತ ಬರೆಯಿರಿ. ಆರಿಸಿಕೊಂಡ ಹಕ್ಕಿ ಕಾಣದ ವಾರದ ಪಟ್ಟಿಯನ್ನೂ ಇ-ಬರ್ಡ್‌ಗೆ ಹಾಕಿ. ‘ನೋಡಿದ ಹಕ್ಕಿಗಳನ್ನೆಲ್ಲ ಬರೆದಿದ್ದೀರಾ?’ ಎಂಬ ಪ್ರಶ್ನೆಗೆ ಹೌದು ಎಂದು ಗುರುತು ಮಾಡಿದರೆ ಆ ಪಟ್ಟಿಯಲ್ಲಿ ಇಲ್ಲದ ಹಕ್ಕಿ ಅಂದು ನಿಮಗೆ ಕಾಣಲಿಲ್ಲ ಎಂಬುದೂ ದಾಖಲಾಗುತ್ತದೆ. ಗೆಳೆಯ ಮುಂದಿನ ಭಾನುವಾರ ಹತ್ತಿರದ ಶೆಟ್ಟಿಕೆರೆಗೆ ಹೋಗಿ ಮಾಗಡಿಗೂ ಬರುವವನಿದ್ದಾನೆ. ಉಗಾದಿಯ ನಂತರದ ವಾರಗಳಲ್ಲೂ ಬರುತ್ತಾನೆ, ಹೆಬ್ಬಾತುಗಳಿರಲಿ ಬಿಡಲಿ.